ನರಸಿಂಹನ ಮೂಗು ಅಚ್ಚಿನಲ್ಲೇ ಉಳಿದದ್ದು ಏಕೆ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯವರು. ನಮ್ಮ ಕನ್ನಡ ಬಳಗದ ಮಕ್ಕಳು ಈ ನವರಾತ್ರಿಗೆ ಪ್ರಹ್ಲಾದನ ಕಥೆ ಆಡುತ್ತಿದ್ದಾರೆ. ನನ್ನ 12 ವರ್ಷದ ಮಗ ನರಸಿಂಹ. ಲೇಟೆಕ್ಸಿನ (ರಬ್ಬರು ಹಾಲಿನ) ಮುಖವಾಡ ನಾನೇ ಮಾಡಿಕೊಡುತ್ತೇನೆ ಎಂದು ಹುಮ್ಮಸ್ಸಿನಲ್ಲಿ ಒಪ್ಪಿಕೊಂಡೆ. ಗಣಪತಿ ಮೂರ್ತಿ ಮಾಡುವವರ ಹತ್ತಿರ ಹತ್ತು ಕಿಲೋ ಶಾಡೂ ಮಣ್ಣು ತಂದು ಥರ್ಮಾಕೋಲಿನ ತಲೆಯ ಮೇಲೆ ಮುಖ ತಿದ್ದಿದೆ. ಚೆನ್ನಾಗಿಯೇ ಬಂತು. ಮೂರ್ತಿ ಒಣಗಿಸುವ ಹಾಗೆ ನಾಲ್ಕು ದಿನ ಫ್ಯಾನಿನ ಕೆಳಗೆ ಇಟ್ಟೆ, ಹಣೆ ಕೆನ್ನೆ ಎಲ್ಲ ಬಿರುಕು ಬಿಟ್ಟಿತು. ಬಿರುಕು ಮುಚ್ಚಿ, ಒಂದು ಕೈ ವಾರ್ನಿಶ್ ಬಳಿದು, ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಾಕಿದೆ. ಬಿಡಿಸುವಾಗ ಮೂಗು ಮತ್ತು ಒಂದು ಕೋರೆಹಲ್ಲು ಅಚ್ಚಿನೊಳಗೇ ಕೂತವು. ಕೆರೆದು ತೆಗೆದು, ಲೇಟೆಕ್ಸ್ ಅಂಟಬಾರದೆಂದು ಒಳಗೆಲ್ಲ ವ್ಯಾಸಲಿನ್ ಹಚ್ಚಿ ಸುರಿದೆ. ಎರಡು ದಿನವಾದರೂ ಹಾಲಿನ ಹಾಗೇ ಇತ್ತು. ಮೂರನೆಯ ದಿನ ಎಳೆದರೆ ಅಂಟಂಟಾಗಿ ಒಂದಕ್ಕೊಂದು ಮೆತ್ತಿಕೊಂಡು ಹರಿಯಿತು. ಮಣ್ಣು ಇನ್ನೂ ಒಣಗಬೇಕಿತ್ತು ಎಂದು ಒಬ್ಬರು, ಸಿಲಿಕಾನ್ ಅಚ್ಚಿಲ್ಲದೆ ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಈ ರಗಳೆಯೇ ಬೇಡ, ಮಗನ ಮುಖದ ಮೇಲೆ ನೇರ ಪಿಒಪಿ ಹಾಕಿ ಅಚ್ಚು ತೆಗೆದುಬಿಡಲೇ ಎಂದೂ ಅನ್ನಿಸಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಮಗನ ಮುಖದ ಮೇಲೆ ಪಿಒಪಿ ಹಾಕಬೇಡಿ. ತೆಳ್ಳಗೆ ಅಂದರೂ ಬೇಡ, ಐದೇ ನಿಮಿಷ ಅಂದರೂ ಬೇಡ. ಪಿಒಪಿ ನೀರು ಕುಡಿದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮುದ್ದೆ ದಪ್ಪವಿದ್ದಷ್ಟೂ ಬಿಸಿ ಹೆಚ್ಚು, 60 ಡಿಗ್ರಿಗೂ ಏರುವುದುಂಟು. 2007ರಲ್ಲಿ ಇಂಗ್ಲೆಂಡಿನ ಒಂದು ಶಾಲೆಯ ಕಲಾ ತರಗತಿಯಲ್ಲಿ 16 ವರ್ಷದ ಹುಡುಗಿಯೊಬ್ಬಳು ಸ್ವಂತ ಕೈಗಳ ಅಚ್ಚು ತೆಗೆಯಲು ಹೋಗಿ ಎರಡೂ ಕೈ ಪ್ಲಾಸ್ಟರಿನೊಳಗೆ ಇಟ್ಟಳು. ಅದು ಗಟ್ಟಿಯಾಗಿ ಹಿಡಿದುಕೊಂಡಿತು, ಕೈ ಹೊರಗೆ ಬರಲಿಲ್ಲ, ಬಹುಪಾಲು ಬೆರಳುಗಳನ್ನು ಅವಳು ಕಳೆದುಕೊಂಡಳು. ಮುಖದಲ್ಲಾದರೆ ಹುಬ್ಬು, ರೆಪ್ಪೆಯ ಕೂದಲೂ ಸಿಕ್ಕಿಕೊಳ್ಳುತ್ತದೆ, ಉಸಿರಿನ ಪ್ರಶ್ನೆ ಬೇರೆ. ಜೀವಂತ ಮುಖದ ಪಡಿಯಚ್ಚು ನಿಜಕ್ಕೂ ಬೇಕಾದರೆ ಹಲ್ಲಿನ ವೈದ್ಯರು ಬಳಸುವ ಆಲ್ಜಿನೇಟ್ ಇದೆ, ಅದು ತಣ್ಣಗೇ ಗಟ್ಟಿಯಾಗುತ್ತದೆ. ಅದನ್ನೂ ಅಭ್ಯಾಸವಿದ್ದವರ ಕೈಯಲ್ಲೇ ಮಾಡಿಸಬೇಕು. ನಿಮ್ಮ ನರಸಿಂಹನಿಗೆ ಅದೂ ಬೇಕಿಲ್ಲ. ಹುಡುಗನ ತಲೆಯ ಸುತ್ತಳತೆ, ಕಿವಿಯಿಂದ ಕಿವಿಗೆ, ಹಣೆಯಿಂದ ಗಲ್ಲಕ್ಕೆ ಟೇಪಿನಲ್ಲಿ ಅಳೆದುಕೊಂಡರೆ ಸಾಕು.

ಈಗ ನಿಮ್ಮ ಮಣ್ಣಿಗೆ ಬರೋಣ. ನೀವು ಮಾಡಿದ ಒಂದೊಂದು ತಪ್ಪೂ ಬೇರೆ ಎಲ್ಲೋ ಸರಿಯಾದ ಕೆಲಸವೇ. ಅದಕ್ಕೇ ನಿಮಗೆ ಸಿಕ್ಕಿದ ಸಲಹೆಗಳು ಅಷ್ಟು ಖಾತ್ರಿಯಿಂದ ಬಂದಿವೆ. ಮುಂಬಯಿಯ ಲಾಲ್‌ಬಾಗ್, ಪರೇಲ್ ಕಡೆಯ ಕಾರ್ಖಾನೆಗಳಲ್ಲಿ, ಅತ್ತ ರಾಯಗಡದ ಪೇಣ್‌ನಲ್ಲಿ, ಶಾಡೂ ಮಣ್ಣನ್ನು ಅಚ್ಚಿನೊಳಗೆ ಒತ್ತಿ ಹೊರತೆಗೆಯುತ್ತಾರೆ, ಆಮೇಲೆ ತಿದ್ದಿ ಒಣಗಿಸಿ ಬಣ್ಣ ಕೊಡುತ್ತಾರೆ. ಅಲ್ಲಿ ಒಣಗಿದ ಮಣ್ಣೇ ಮೂರ್ತಿ. ಪಿಒಪಿ ಮೂರ್ತಿಯವರದು ಇನ್ನೊಂದು ಬಗೆ, ರಬ್ಬರಿನ ಸಾಚಾ (ಅಚ್ಚು) ಮಾಡಿ ಅದರೊಳಗೆ ಪಿಒಪಿ ಹಾಕುತ್ತಾರೆ. ಅಂದರೆ ಅವರಲ್ಲಿ ರಬ್ಬರು ಅಚ್ಚು, ಪಿಒಪಿ ಎರಕ. ನೀವು ಮಾಡಹೊರಟಿರುವುದು ಇದರ ತಿರುವುಮುರುವು: ಪಿಒಪಿ ಅಚ್ಚು, ರಬ್ಬರು ಎರಕ. ಮಣ್ಣು ನಿಮಗೆ ನಡುವಿನ ಒಂದು ಮೆಟ್ಟಿಲು ಮಾತ್ರ, ಅಚ್ಚು ತೆಗೆದ ಮೇಲೆ ಅದನ್ನು ಅಗೆದು ಬಕೆಟಿಗೆ ಹಾಕುವುದೇ. ಮೂರ್ತಿಕಾರರ ಮಾತು ಅವರ ಅಂಗಳದಲ್ಲಿ ಬಂಗಾರ. ಅದನ್ನು ಹಾಗೇ ಎತ್ತಿ ತಂದಿಟ್ಟರೆ ನಿಮ್ಮ ಮುಖವಾಡ ಕೆಡುತ್ತದೆ.

ಹಾಗಾಗಿ "ಮಣ್ಣು ಇನ್ನೂ ಒಣಗಬೇಕಿತ್ತು" ಎಂಬುದು ತಪ್ಪು. ಅದು ಒಣಗಲೇಬಾರದಿತ್ತು. ಶಾಡೂ ಬಹಳ ನುಣುಪಾದ ಮಣ್ಣು, ನೀರು ಹೋದಂತೆ ಕುಗ್ಗುತ್ತದೆ. ಒಳಗಿನ ಥರ್ಮಾಕೋಲ್ ತಲೆ ಕುಗ್ಗುವುದಿಲ್ಲ. ಕುಗ್ಗುವ ಚರ್ಮ, ಕುಗ್ಗದ ಬುರುಡೆ, ಮಧ್ಯೆ ಹಣೆ ಸೀಳದೆ ಇನ್ನೇನಾದೀತು? ಅಷ್ಟೇ ಅಲ್ಲ, ಒಣಮಣ್ಣು ಬಾಯಾರಿದ ಹಾಗೆ ಇರುತ್ತದೆ. ಅದರ ಮೇಲೆ ಪಿಒಪಿ ಬಿದ್ದ ಕೂಡಲೇ ಪಿಒಪಿಯ ನೀರನ್ನು ಎಳೆದುಕೊಳ್ಳುತ್ತದೆ, ಪಿಒಪಿಯ ಮುಖದ ಪದರ ಪುಡಿಪುಡಿಯಾಗಿ ಮಣ್ಣಿಗೇ ಕಚ್ಚಿಕೊಳ್ಳುತ್ತದೆ. ವಾರ್ನಿಶ್ ಇದನ್ನು ತಡೆಯಬೇಕಿತ್ತು. ಆದರೆ ಬಿರುಕಿಗೆ ಹೊಸದಾಗಿ ಮೆತ್ತಿದ ಹಸಿಮಣ್ಣಿನ ಮೇಲೆ ವಾರ್ನಿಶ್ ಹಿಡಿಯುವುದಿಲ್ಲ, ಪೊರೆಯ ಹಾಗೆ ಎದ್ದುಬರುತ್ತದೆ. ನಿಮ್ಮ ಮೂಗು ಹೋದದ್ದು ಹೀಗೆ. ಕೋರೆಹಲ್ಲಿನ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಚ್ಚಿಗೆ ಸಿದ್ಧವಾದ ಮಣ್ಣಿನ ಹದ ಹೇಗಿರಬೇಕು? ಫ್ರಿಜ್ಜಿನಿಂದ ಆಗತಾನೇ ತೆಗೆದ ಬೆಣ್ಣೆಯ ಹಾಗೆ. ಬೆರಳೊತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಮೇಲ್ಮೈಯ ಹೊಳಪು ಹೋಗಿರಬೇಕು, ಬಣ್ಣ ಮಾತ್ರ ತಿಳಿಯಾಗಿರಬಾರದು. ಬಣ್ಣ ತಿಳಿಯಾದ ಕಡೆ ಒಣಗಲು ಶುರುವಾಗಿದೆ ಎಂದೇ ಅರ್ಥ. ಮೂಗಿನ ತುದಿ, ಕಿವಿ, ಹುಬ್ಬಿನ ಅಂಚು ಮೊದಲು ಒಣಗುತ್ತವೆ. ದಿನದ ಕೆಲಸ ಮುಗಿಸಿದ ಮೇಲೆ ಅಲ್ಲಿಗೆ ಒದ್ದೆ ಹತ್ತಿಯ ತುಂಡು ಇಟ್ಟು, ಇಡೀ ಮುಖಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ಬುಡಕ್ಕೆ ದಾರ ಕಟ್ಟಿ. ಮಳೆಗಾಲದ ಡೊಂಬಿವಲಿಯಲ್ಲಿ ಮಣ್ಣು ಎರಡು ವಾರ ಬೇಕಾದರೂ ಹದವಾಗಿ ಉಳಿಯುತ್ತದೆ. ಈ ಕೆಲಸದಲ್ಲಿ ಮಳೆಗಾಲ ನಮ್ಮ ಪರವಾಗಿರುವುದು ಇದೊಂದೇ ಕಡೆ.

ಹಸಿಮಣ್ಣಿಗೆ ಪಿಒಪಿ ಅಂಟುವುದಿಲ್ಲವೇ ಎಂದು ಕೇಳುತ್ತೀರಿ. ಅಂಟುವುದಿಲ್ಲ. ಮಣ್ಣಿನೊಳಗೆ ಇರುವ ನೀರೇ ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ. ಹಸಿಮಣ್ಣಿನ ಮೇಲೆ ಅಚ್ಚು ತೆಗೆಯುವಾಗ ನಾನು ವಾರ್ನಿಶ್ ಆಗಲಿ ಶೆಲ್ಯಾಕ್ ಆಗಲಿ ಬಳಿಯುವುದೇ ಇಲ್ಲ. ಕೆಲವರು ತೆಳ್ಳಗೆ ಪಾರದರ್ಶಕ ಸ್ಪ್ರೇ ಹೊಡೆಯುತ್ತಾರೆ, ತೊಂದರೆಯೇನಿಲ್ಲ. ಆದರೆ ಬ್ರಷ್ಷಿನಲ್ಲಿ ಬಳಿದ ವಾರ್ನಿಶ್ ಸೂಕ್ಷ್ಮ ಗೆರೆಗಳನ್ನು ತುಂಬಿಬಿಡುತ್ತದೆ. ನೀವು ಗಂಟೆಗಟ್ಟಲೆ ಕೂತು ಕೊರೆದ ಸಿಂಹದ ಕೆನ್ನೆಯ ಸುಕ್ಕು ಮೊದಲ ಬಳಿತಕ್ಕೇ ಹೋಗುತ್ತದೆ.

ಇನ್ನು ಅಚ್ಚಿಗೆ ಮುಂಚಿನ ತಿದ್ದುವಿಕೆ. ಇಲ್ಲಿ ಒಂದು ದಿನ ಜಾಸ್ತಿ ಕೊಟ್ಟರೆ ಮುಂದೆ ಒಂದು ವಾರ ಉಳಿಯುತ್ತದೆ.

ಮೊದಲನೆಯದು ಅಳತೆ. ಲೇಟೆಕ್ಸ್ ಹಾಲಿನಲ್ಲಿ ಸಾಮಾನ್ಯವಾಗಿ 60 ಪಾಲು ರಬ್ಬರು, ಉಳಿದದ್ದು ಹೆಚ್ಚುಕಡಿಮೆ ನೀರು. ನೀರು ಹೋದಾಗ ಮುಖವಾಡ ಕುಗ್ಗುತ್ತದೆ, ನೂರಕ್ಕೆ 5ರಿಂದ 10ರಷ್ಟು ಎಂದು ಲೆಕ್ಕ ಇಟ್ಟುಕೊಳ್ಳಿ. ಹುಡುಗನ ತಲೆಯ ಸುತ್ತಳತೆ 54 ಸೆಂಟಿಮೀಟರ್ ಎಂದುಕೊಳ್ಳೋಣ. ಅದೇ ಅಳತೆಯ ಥರ್ಮಾಕೋಲ್ ತಲೆಯ ಮೇಲೆ ಅತಿ ತೆಳುವಾದ ಕಡೆಯೂ ಒಂದು ಸೆಂಟಿಮೀಟರ್ ಮಣ್ಣಿದ್ದರೆ ಸುತ್ತಳತೆ 60 ದಾಟುತ್ತದೆ. ಕುಗ್ಗಿದ ಮೇಲೆ 55ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಣೆಯಲ್ಲಿ, ಕಪೋಲದಲ್ಲಿ ಥರ್ಮಾಕೋಲ್ ಕಾಣುವಷ್ಟು ತೆಳ್ಳಗೆ ಮೆತ್ತಿದ್ದರೆ ಮುಖವಾಡ ಬಿಗಿಯಾಗುವುದು ಅಲ್ಲೇ.

ಎರಡನೆಯದು ಗುಳಿಗಳು. ಮಣ್ಣಿನಲ್ಲಿ ನೀವು ಕೊರೆದ ಗುಳಿ ಅಚ್ಚಿನಲ್ಲಿ ಗೂಟವಾಗುತ್ತದೆ, ಇದನ್ನು ಹೊಸಬರು ಮರೆಯುತ್ತಾರೆ. ಮೂಗಿನ ಹೊಳ್ಳೆಯನ್ನು ಪೆನ್ಸಿಲಿನಷ್ಟು ಆಳ ತೂತು ಮಾಡಿದರೆ ಅಚ್ಚಿನಲ್ಲಿ ಪೆನ್ಸಿಲಿನಂಥ ಪಿಒಪಿ ಕಡ್ಡಿ ನಿಲ್ಲುತ್ತದೆ, ಮಣ್ಣು ಅಗೆಯುವಾಗಲೇ ಮುರಿಯುತ್ತದೆ. ಹೊಳ್ಳೆಯನ್ನು ತಟ್ಟೆಯ ಹಾಗೆ ಅಗಲ ಮಾಡಿ, ಆಳ ಬೇಡ. ಉಸಿರಿನ ತೂತನ್ನು ಆಮೇಲೆ ಲೇಟೆಕ್ಸಿನಲ್ಲಿ ಕತ್ತರಿಸಿಕೊಳ್ಳಬಹುದು. ಕಣ್ಣೂ ಹಾಗೆಯೇ, ಗುಡ್ಡೆ ತುಂಬಿಯೇ ಇರಲಿ, ಕತ್ತರಿಸಬೇಕಾದ ಗೆರೆ ಮಾತ್ರ ಆಳವಾಗಿ ಎಳೆದಿಡಿ. ತೆರೆದ ಬಾಯಿ ಬೇಕೆಂದರೆ ತುಟಿಯ ಒಳಗೆ ಅರ್ಧ ಇಂಚಿನಲ್ಲಿ ಮಣ್ಣಿನ ಗೋಡೆ ಮುಚ್ಚಿ.

ನಿಮ್ಮ ಕೋರೆಹಲ್ಲಿಗೆ ಆದದ್ದು ಇದರ ಉಲ್ಟಾ. ಚೂಪಾಗಿ ಹೊರಚಾಚಿದ ಸಣ್ಣ ತುಂಡು ಅಚ್ಚಿನಲ್ಲಿ ಕಿರಿದಾದ ಬಾವಿಯಾಗುತ್ತದೆ. ಮಣ್ಣು ಅಲ್ಲಿಂದ ಸಲೀಸಾಗಿ ಬರುವುದಿಲ್ಲ. ಬಂದರೂ ಲೇಟೆಕ್ಸ್ ಹಾಕಿದಾಗ ತುದಿಯಲ್ಲಿ ಗಾಳಿ ಕೂತು ಹಲ್ಲು ಮೊಂಡಾಗುತ್ತದೆ, ಇಲ್ಲವೇ ಬಾವಿ ಪೂರ್ತಿ ತುಂಬಿ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಹಲ್ಲು, ಕೊಂಬು, ನಾಲಗೆ ಇವನ್ನು ಮುಖದ ಜೊತೆ ಎರಕ ಹೊಯ್ಯುವ ಹಟ ಬಿಡಿ. ಬೇರೆ ಮಾಡಿ ಅಂಟಿಸಿದರೆ ನೋಡಲೂ ಚೆನ್ನ. ಕೇಸರದ ವಿಚಾರದಲ್ಲಿ ನನ್ನದು ಸ್ವಲ್ಪ ಕಟ್ಟುನಿಟ್ಟು: ಮಣ್ಣಿನಲ್ಲಿ ಕೂದಲು ಕೆತ್ತಲೇಬೇಡಿ. ರಬ್ಬರಿನ ಕೂದಲು ವೇದಿಕೆಯ ಬೆಳಕಿನಲ್ಲಿ ಶ್ಯಾವಿಗೆಯ ಹಾಗೆ ಕಾಣುತ್ತದೆ. ಬರೀ ಬುರುಡೆ ಬಿಟ್ಟು, ನಾರು ಅಥವಾ ಟೋಪನ್ ಕೂದಲು ಹೊಲಿಯಿರಿ.

ಮೂರನೆಯದು ಮೇಲ್ಮೈ. ಲೇಟೆಕ್ಸ್ ನಿಮ್ಮ ಬೆರಳಚ್ಚನ್ನೂ ಎತ್ತಿಕೊಳ್ಳುತ್ತದೆ. ಹಸಿಮಣ್ಣಿನ ಗೀರುಗಳನ್ನು ಒದ್ದೆ ಸ್ಪಂಜು, ಮೆತ್ತನೆಯ ಬ್ರಷ್ಷಿನಿಂದ ಸವರಿ ತೆಗೆಯಿರಿ. ಸುಕ್ಕು ಕೊರೆಯುವಾಗ ಮಣ್ಣಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲಿಂದ ಕಡ್ಡಿಯಲ್ಲಿ ಎಳೆದರೆ ಗೆರೆಯ ಅಂಚು ಚರ್ಮದ ಹಾಗೆ ದುಂಡಗೆ ಬರುತ್ತದೆ, ಚಾಕುವಿನ ಗೀರಿನ ಹಾಗೆ ಕಾಣುವುದಿಲ್ಲ. ಚರ್ಮದ ರಂಧ್ರ ಬೇಕಿದ್ದರೆ ಕಿತ್ತಳೆ ಹಣ್ಣಿಗೆ ಎರಡು ಮೂರು ಕೈ ಲೇಟೆಕ್ಸ್ ಬಳಿದು, ಒಣಗಿದ ಮೇಲೆ ಸುಲಿದು, ಆ ಸಿಪ್ಪೆಯನ್ನು ಮಣ್ಣಿಗೆ ಒತ್ತಿ. ಮತ್ತೊಂದು ಮಾತು: ಎಲ್ಲವನ್ನೂ ಕಣ್ಣಿಗೆ ಸರಿ ಕಂಡದ್ದಕ್ಕಿಂತ ಕೊಂಚ ಆಳವಾಗಿ ಕೊರೆಯಿರಿ. ಮೇಲೆ ಬಣ್ಣ ಬಿದ್ದಾಗ ಕಾಲುಭಾಗ ಮುಚ್ಚಿಹೋಗುತ್ತದೆ, ಸಭಾಂಗಣದ ಹತ್ತನೇ ಸಾಲಿಗೆ ಉಳಿದದ್ದೇ ಕಾಣುವುದು.

ಶಾಡೂ ಬದಲು ಎಣ್ಣೆಯ ಮಣ್ಣು ಬಳಸಬಹುದೇ? ಬಳಸಬಹುದು. ಮಕ್ಕಳ ಪ್ಲಾಸ್ಟಿಸಿನ್ನಿನ ಗಟ್ಟಿ ಅಣ್ಣ ಎನ್ನಿ. ಒಣಗುವುದಿಲ್ಲ, ಬಿರುಕಿಲ್ಲ, ತಿಂಗಳುಗಟ್ಟಲೆ ತಿದ್ದಬಹುದು. ಆದರೆ ದುಬಾರಿ, ಮೇ ತಿಂಗಳ ಸೆಕೆಗೆ ಬೆಣ್ಣೆಯಾಗುತ್ತದೆ, ಅಚ್ಚಿನಲ್ಲಿ ಜಿಡ್ಡು ಬಿಟ್ಟುಹೋಗುತ್ತದೆ. ಆ ಜಿಡ್ಡು ಇದ್ದ ಕಡೆ ಲೇಟೆಕ್ಸ್ ಪದರ ಕಟ್ಟುವುದಿಲ್ಲ. ಅದರಲ್ಲಿನ ಗಂಧಕ ಕೆಟ್ಟದ್ದು ಎಂದು ನೀವು ಕೇಳಿರಬಹುದು. ಅದು ಒಂದು ಜಾತಿಯ ಸಿಲಿಕಾನಿಗೆ ಅಡ್ಡಿ, ಪ್ಲಾಟಿನಮ್ಮಿನಿಂದ ಗಟ್ಟಿಯಾಗುವಂಥದ್ದಕ್ಕೆ. ಪಿಒಪಿಗೆ ಗಂಧಕದ ಹಂಗಿಲ್ಲ. ಹೇಗೂ ಕೈಯಲ್ಲಿ ಹತ್ತು ಕಿಲೋ ಶಾಡೂ ಇದೆ. ಒಣಗಿದ್ದನ್ನು ಕುಟ್ಟಿ ನೀರಿಗೆ ಹಾಕಿ ನೆನೆಸಿ, ಬಟ್ಟೆಯ ಮೇಲೆ ಹರಡಿ ಹದ ಮಾಡಿದರೆ ಮತ್ತೆ ಹೊಸದೇ. ವಾರ್ನಿಶ್ ಪದರವನ್ನು ಮಾತ್ರ ಮೊದಲೇ ಸುಲಿದು ಬಿಸಾಡಿ.

ಅಚ್ಚು ಎಷ್ಟು ಭಾಗದ್ದು? ಇಡೀ ತಲೆ ಮುಚ್ಚುವ ಮುಖವಾಡವಾದರೆ ಎರಡು ಭಾಗ ಬೇಕು. ನೆತ್ತಿಯಿಂದ ಕಿವಿಯ ಹಿಂದೆ ಹಾದು ಭುಜದವರೆಗೆ ಗೆರೆ ಹಾಕಿ, ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ಅಲ್ಯೂಮಿನಿಯಂ ಪಟ್ಟಿಗಳನ್ನು ಗೆರೆಯುದ್ದಕ್ಕೂ ಒಂದು ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಬೇಲಿ ಕಟ್ಟಬೇಕು. ಪಿಒಪಿಯನ್ನು ಎರಡೂ ಬದಿಗೆ ಬೇರೆಬೇರೆ ಹಾಕಬೇಕು, ಆಮೇಲೆ ಎರಕದ ಮೇಲೆ ಬರುವ ಹೊಲಿಗೆಯ ಗುರುತನ್ನು ಉಜ್ಜಬೇಕು. ಮೊದಲ ಸಲಕ್ಕೆ ಇಷ್ಟು ಬೇಡ. ಕಿವಿಯ ಮುಂದೆ ನಿಲ್ಲುವ ಮುಂಭಾಗದ ಮುಖ ಮಾತ್ರ ಮಾಡಿ. ಮಣ್ಣಿನ ಮುಖವನ್ನು ಹಲಗೆಯ ಮೇಲೆ ಮಲಗಿಸಿ, ಸುತ್ತ ಎರಡು ಇಂಚು ಅಂಚು ಬಿಟ್ಟು ಮಣ್ಣಿನದೇ ಗೋಡೆ ಎಬ್ಬಿಸಿದರೆ ಒಂದೇ ಭಾಗದ ಬಟ್ಟಲಿನಂಥ ಅಚ್ಚು ಸಿಗುತ್ತದೆ. ಹಿಂದೆ ಎಲಾಸ್ಟಿಕ್, ಮೇಲೆ ಕೇಸರ ಬಂದರೆ ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹುಡುಗನಿಗಂತೂ ಉಸಿರಾಡುತ್ತದೆ.

ನನ್ನನ್ನು ಕೇಳಿದರೆ ಮೇಲ್ದುಟಿಯ ಹತ್ತಿರವೇ ಮುಖವಾಡ ನಿಲ್ಲಿಸಿ. ಮಾತಾಡುವ ಪಾತ್ರಕ್ಕೆ ಬಾಯಿ ಮುಚ್ಚುವ ಮುಖವಾಡ ಶತ್ರು. ಯಕ್ಷಗಾನದ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಗಂಟೆಗಟ್ಟಲೆ ಚಿಟ್ಟಿ ಎಂಬ ಉಬ್ಬು ಚುಕ್ಕಿ ಇಡುವುದನ್ನು ಊರಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ. ಅರ್ಥ ಹೇಳುವ ಬಾಯಿಗೂ ಕುಣಿಯುವ ಹುಬ್ಬಿಗೂ ಅಲ್ಲಿ ಅಡ್ಡಿಯಿಲ್ಲ. ಅವರ ಮುಂದೆ ನಮ್ಮ ರಬ್ಬರು ಸಪ್ಪೆಯೇ. ಕೆಳದವಡೆಯನ್ನು ಬಣ್ಣಕ್ಕೆ ಬಿಟ್ಟುಕೊಟ್ಟರೆ ಅದರ ಒಂದಂಶವಾದರೂ ನಿಮಗೆ ಸಿಕ್ಕೀತು.

ಪಿಒಪಿ ಕಲಸುವುದು. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ್ದನ್ನು ತರಬೇಡಿ, ಗಾಳಿಯ ತೇವ ಹೀರಿ ಅದು ಹಾಳಾಗಿರುತ್ತದೆ. ತಂದ ದಿನವೇ ಒಂದು ಲೋಟದಲ್ಲಿ ಕಲಸಿ ನೋಡಿ. ಗಂಟು ಕಟ್ಟಿದರೆ, ಗಟ್ಟಿಯಾದ ಮೇಲೆ ಉಗುರಿಗೆ ಪುಡಿಯಾಗಿ ಬಂದರೆ ವಾಪಸ್ಸು ಕೊಡಿ. ಅಳತೆ ತೂಕದಲ್ಲಿ: ಒಂದು ಕಿಲೋ ಪುಡಿಗೆ ಸುಮಾರು 700 ಗ್ರಾಂ ನೀರು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಹೊಯ್ಯಬಾರದು. ಉದುರಿಸಿ ಒಂದೆರಡು ನಿಮಿಷ ಸುಮ್ಮನೆ ಬಿಟ್ಟು, ಕೈಗವಸು ಹಾಕಿ, ಕೈಯನ್ನು ನೀರಿನೊಳಗೇ ಇಟ್ಟು ಗಾಳಿ ಸೇರದ ಹಾಗೆ ಕಲಸಿ. ಮೊದಲ ಪದರ ದಪ್ಪ ಮಜ್ಜಿಗೆಯ ಹಾಗೆ. ಮೆತ್ತನೆಯ ಬ್ರಷ್ಷಿನಲ್ಲಿ ಮೂಗು ಹುಬ್ಬಿನ ಸಂದಿಗೆಲ್ಲ ತಾಗಿಸಿ, ಬಾಯಲ್ಲಿ ಊದಿ ಗುಳ್ಳೆ ಓಡಿಸಿ. ಎರಡನೆಯದು ಮೊಸರಿನ ಹದ. ಮೂರನೆಯದಕ್ಕೆ ಮೂರ್ತಿಕಾರರು ಕಾಥ್ಯಾ ಎನ್ನುವ ತೆಂಗಿನ ನಾರನ್ನು ಅದ್ದಿ ಹೊದಿಸಿ. ಅವರಿಂದ ಕಲಿಯಲೇಬೇಕಾದ ವಿದ್ಯೆ ಇದು, ನಾರಿಲ್ಲದ ಅಚ್ಚು ಒಮ್ಮೆ ಕೈಜಾರಿದರೆ ಮುಗಿಯಿತು. ಎಲ್ಲ ಸೇರಿ ಮೂರು ಸೆಂಟಿಮೀಟರ್ ದಪ್ಪ ಬರಲಿ. ಉಳಿದ ಪಿಒಪಿಯನ್ನು ಬೇಸಿನ್ನಿಗೆ ಸುರಿಯಬೇಡಿ. ಪೈಪಿನೊಳಗೂ ಅದು ಕಲ್ಲಾಗುತ್ತದೆ. ಹಿಂದೊಮ್ಮೆ ನಾನು ಇದನ್ನು ಮಾಡಿ ಸೊಸೈಟಿಯ ಮೂರು ಮಹಡಿಯವರ ಬಾಯಿಗೆ ಬಿದ್ದವನು.

ಅಚ್ಚು ಬಿಸಿಯಾಗಿ, ಮತ್ತೆ ತಣ್ಣಗಾದ ಮೇಲೆ ತಿರುಗಿಸಿ. ಥರ್ಮಾಕೋಲನ್ನು ತುಂಡುತುಂಡಾಗಿ ಕಿತ್ತು, ಮಣ್ಣನ್ನು ಮರದ ಕಡ್ಡಿಯಿಂದ ನಡುವಿನಿಂದ ಅಂಚಿಗೆ ಅಗೆಯುತ್ತ ಬನ್ನಿ. ಚಮಚ, ಚಾಕು ಬೇಡ, ಹಸಿ ಪಿಒಪಿ ಬಹಳ ಮೆದು, ನೀವು ಗೀರಿದ್ದೆಲ್ಲ ನರಸಿಂಹನ ಮುಖದಲ್ಲಿ ಗಾಯವಾಗಿ ಮೂಡುತ್ತದೆ. ಕೊನೆಯ ತೆಳುಪದರವನ್ನು ನೀರು ಮತ್ತು ಬ್ರಷ್ಷಿನಿಂದ ತೊಳೆಯಿರಿ. ಶಾಡೂವಿನ ದೊಡ್ಡ ಉಪಕಾರ ಇದು, ನೀರಿಗೆ ಬಿಟ್ಟುಕೊಡುತ್ತದೆ.

ಇಲ್ಲಿಂದ ಲೆಕ್ಕ ತಲೆಕೆಳಗು. ಇಷ್ಟು ಹೊತ್ತು ಮಣ್ಣಿನ ನೀರು ಹೋಗದಂತೆ ಕಾದಿರಿ, ಇನ್ನು ಅಚ್ಚಿನ ನೀರು ಪೂರ್ತಿ ಹೋಗಬೇಕು. ಲೇಟೆಕ್ಸ್ ಪಿಒಪಿ ಅಚ್ಚಿನಲ್ಲಿ ಪದರ ಕಟ್ಟುವುದೇ ಅಚ್ಚು ನೀರು ಹೀರುವುದರಿಂದ. ಹಾಲಿನ ನೀರು ಗೋಡೆಗೆ ಹೋಗುತ್ತದೆ, ರಬ್ಬರು ಗೋಡೆಯ ಮೇಲೆ ಉಳಿಯುತ್ತದೆ. ನಿಮ್ಮ ಅಚ್ಚು ಬಹುಶಃ ಒದ್ದೆಯಿತ್ತು. ಮೇಲಾಗಿ ವ್ಯಾಸಲಿನ್ ಹಚ್ಚಿ ಅದರ ಬಾಯಿಯನ್ನೇ ಮುಚ್ಚಿದಿರಿ. ಎರಡು ದಿನ ಹಾಲು ಹಾಲಾಗಿಯೇ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ವ್ಯಾಸಲಿನ್ ಪೆಟ್ರೋಲಿಯಂ ಜಿಡ್ಡು, ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಆ ಅಂಟಂಟು ಬಂದದ್ದರಲ್ಲಿ ಅದರ ಪಾಲೂ ಇದೆ. ಪಿಒಪಿ ಮೇಲೆ ಪಿಒಪಿ ಹಾಕುವಾಗ, ಅಂದರೆ ಎರಡು ಭಾಗದ ಅಚ್ಚಿನ ಕೂಡುವ ಅಂಚಿಗೆ, ವ್ಯಾಸಲಿನ್ ಸರಿ. ಒಳಮುಖಕ್ಕೆ ಏನೂ ಬೇಡ: ವಾರ್ನಿಶ್ ಇಲ್ಲ, ಸೋಪಿಲ್ಲ, ಎಣ್ಣೆಯಿಲ್ಲ. ಒಣಗಿದ ಬರೀ ಪಿಒಪಿಯಿಂದ ಒಣಗಿದ ಲೇಟೆಕ್ಸ್ ತಾನಾಗಿ ಬಿಟ್ಟುಬರುತ್ತದೆ. ವ್ಯಾಸಲಿನ್ ಕುಡಿದ ಹಳೆಯ ಅಚ್ಚನ್ನು ಉಳಿಸಲು ಹೋಗಬೇಡಿ.

ಎಷ್ಟು ಒಣಗಬೇಕು? ಇದಕ್ಕೆ ಲೆಕ್ಕವಿದೆ. ನೂರು ಪಾಲು ಪಿಒಪಿ ತನ್ನೊಳಗೆ ಕಲ್ಲಾಗಿಸಿಕೊಳ್ಳುವ ನೀರು ಸುಮಾರು 19 ಪಾಲು ಮಾತ್ರ. ನೀವು ಹಾಕಿದ 70ರಲ್ಲಿ ಉಳಿದ 51 ಪಾಲು ಹೊರಗೆ ಹೋಗಬೇಕಾದದ್ದು. ಆಗತಾನೇ ತೆಗೆದ ಅಚ್ಚು 10 ಕಿಲೋ ತೂಗಿದರೆ ಒಣಗಿದಾಗ 7 ಕಿಲೋ ಆಸುಪಾಸು ಬರಬೇಕು. ಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ದಿನ ಒಂದೇ ತೂಕ ನಿಂತರೆ ಒಣಗಿದೆ. ತಕ್ಕಡಿಯಿಲ್ಲದವರು ಅಚ್ಚನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ, ತಣ್ಣಗೆನಿಸಿದರೆ ಇನ್ನೂ ನೀರಿದೆ. ಬೇಸಿಗೆಯಲ್ಲಿ ಒಂದು ವಾರಕ್ಕೆ ಆಗುವ ಕೆಲಸ ನಮ್ಮ ಜುಲೈನಲ್ಲಿ ಎರಡು ಮೂರು ವಾರ ಹಿಡಿಯುತ್ತದೆ, ಕಿಟಕಿ ತೆರೆದರೆ ಒಳಗೆ ಬರುವುದೂ ಒದ್ದೆ ಗಾಳಿಯೇ. ಸಣ್ಣ ಕೋಣೆ, ಫ್ಯಾನು, ದೂರದಲ್ಲೊಂದು ಹಳೆಯ ಕಾಲದ ಬಲ್ಬು ಇದ್ದರೆ ಒಳ್ಳೆಯದು. ಎ.ಸಿ. ಇದ್ದರೆ ಅದರ ಡ್ರೈ ಮೋಡ್ ಇನ್ನೂ ಒಳ್ಳೆಯದು. ಓವನ್ನಿನಲ್ಲಿಟ್ಟು ಬೇಗ ಮುಗಿಸುವ ಆಸೆ ಬೇಡ. 50 ಡಿಗ್ರಿ ದಾಟಿಸಿದರೆ ಪಿಒಪಿ ಕಲ್ಲಾಗಿಸಿಕೊಂಡ ನೀರನ್ನೂ ಬಿಡತೊಡಗುತ್ತದೆ, ಅಚ್ಚು ಸೀಮೆಸುಣ್ಣದ ಹಾಗೆ ಉದುರುತ್ತದೆ.

ಸಿಲಿಕಾನ್ ಅಚ್ಚು ಏಕೆ ಬೇಡ ಎಂಬುದೂ ಇಲ್ಲೇ ತಿಳಿಯುತ್ತದೆ. ಅದು ನೀರು ಕುಡಿಯುವುದಿಲ್ಲ. ಅದರೊಳಗೆ ಲೇಟೆಕ್ಸನ್ನು ತೆಳುತೆಳುವಾಗಿ ಬಳಿದು, ಪ್ರತಿ ಪದರ ಗಾಳಿಗೆ ಒಣಗುವವರೆಗೆ ಕಾಯಬೇಕು. ದುಡ್ಡೂ ಹೆಚ್ಚು, ದಿನವೂ ಹೆಚ್ಚು. ರಾಳದ ಎರಕಕ್ಕೆ ಸಿಲಿಕಾನ್ ರಾಜ. ಲೇಟೆಕ್ಸಿಗೆ ಬಡ ಪಿಒಪಿಯೇ ಸರಿಜೋಡಿ.

ಲೇಟೆಕ್ಸ್ ಕೊಳ್ಳುವಾಗ ಒಂದು ಎಚ್ಚರ. ನಾನು ಸುಳ್ಯದ ಕಡೆಯವನು, ರಬ್ಬರು ತೋಟದ ನಡುವೆ ಬೆಳೆದವನು. ಮರದಿಂದ ಇಳಿದ ಹಾಲಿಗೆ ಆಮ್ಲ ಬೆರೆಸಿ ಶೀಟು ಮಾಡುವುದನ್ನು ನೋಡಿಯೇ ದೊಡ್ಡವನಾದೆ. ಅದಕ್ಕೇ ಹೇಳುತ್ತೇನೆ, ಕಚ್ಚಾ ಹಾಲು ಮುಖವಾಡಕ್ಕೆ ಆಗುವುದಿಲ್ಲ. ಒಣಗಿದರೂ ಅಂಟು ಬಿಡುವುದಿಲ್ಲ, ಎಳೆದರೆ ಮರಳಿ ಬರುವುದಿಲ್ಲ. ಎರಕಕ್ಕೆಂದೇ ಸಿದ್ಧಪಡಿಸಿದ, ಮೊದಲೇ ವಲ್ಕನೈಸ್ ಮಾಡಿದ (ಗಂಧಕ ಸೇರಿಸಿ, ಎಳೆದರೆ ಮರಳುವ ಹಾಗೆ ಹದಗೊಳಿಸಿದ) ಲೇಟೆಕ್ಸ್ ಎಂದು ಕೇಳಿ ತನ್ನಿ. ಮೂಗಿಗೆ ಹೊಡೆಯುವ ಅಮೋನಿಯ ವಾಸನೆ ಹಾಳಾದ ಗುರುತಲ್ಲ, ಹಾಲು ಒಡೆಯದಂತೆ ಹಾಕಿದ್ದೇ ಅದು. ಕಿಟಕಿ ತೆರೆದು ಕೆಲಸ ಮಾಡಿ. ಬೇಗ ಗಟ್ಟಿಯಾಗಲೆಂದು ವಿನೆಗರ್ ಬೆರೆಸುವ ಉಪಾಯ ಯಾರಾದರೂ ಹೇಳಿದರೆ ನಕ್ಕುಬಿಡಿ, ಆ ಕ್ಷಣವೇ ಮೊಸರೊಡೆದ ಹಾಗೆ ಮುದ್ದೆಯಾಗುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆಗೂ ಹಾಕಬೇಡಿ, ತಾಮ್ರದ ಸೋಂಕು ರಬ್ಬರನ್ನು ಬೇಗ ಮುದಿಯಾಗಿಸುತ್ತದೆ.

ಮೊದಲು ಬ್ರಷ್ಷಿನಲ್ಲಿ ಒಂದು ತೆಳುಪದರ, ಗುಳ್ಳೆ ಒಡೆಯಲು. ಆಮೇಲೆ ನಿಧಾನ ಒಂದೇ ಬದಿಯಿಂದ ಬಟ್ಟಲು ತುಂಬಾ ಸುರಿಯಿರಿ. ಅರ್ಧ ಗಂಟೆಗೆ ಅಂಚಿನಲ್ಲಿ ಕೆರೆದು ದಪ್ಪ ನೋಡಿ. ಎರಡರಿಂದ ಮೂರು ಮಿಲಿಮೀಟರ್ ಆದಾಗ ಉಳಿದದ್ದನ್ನು ಡಬ್ಬಕ್ಕೆ ಸೋಸಿ ವಾಪಸ್ಸು ಮಾಡಿ, ಅಚ್ಚನ್ನು ಕವುಚಿಡಿ. ಮಳೆಯಲ್ಲಿ ಎರಡು ಮೂರು ದಿನ ಮುಟ್ಟಬೇಡಿ. ಬಿಳಿ ಹೋಗಿ ಜೇನುಬಣ್ಣ ಬಂದ ಮೇಲೆ ಒಳಗೆಲ್ಲ ಟಾಲ್ಕಂ ಪೌಡರ್ ಚಿಮುಕಿಸಿ, ಅಂಚಿನಿಂದ ಸುಲಿಯುತ್ತ, ಸುಲಿದ ಬದಿಗೂ ಪೌಡರ್ ಹಾಕುತ್ತ ಬನ್ನಿ. ಪೌಡರಿಲ್ಲದೆ ಎರಡು ಪದರ ಮುಟ್ಟಿದರೆ ಬೇರ್ಪಡಿಸಲು ಬರುವುದಿಲ್ಲ. ನಿಮ್ಮದು ಹರಿದದ್ದಕ್ಕೆ ಇದೂ ಒಂದು ಕಾರಣ.

ಹುಡುಗನ ವಿಚಾರ. ನೈಸರ್ಗಿಕ ಲೇಟೆಕ್ಸ್ ಕೆಲವರಿಗೆ ಅಲರ್ಜಿ, ಅದು ತುರಿಕೆಯಲ್ಲೇ ನಿಲ್ಲದೆ ಉಸಿರು ಕಟ್ಟುವವರೆಗೂ ಹೋಗಬಹುದು. ಬಲೂನು ಊದುವಾಗ ಅವನ ತುಟಿ ಬಾತದ್ದು, ಬಾಳೆಹಣ್ಣು, ಕಿವಿ ಹಣ್ಣು ಅಥವಾ ಬೆಣ್ಣೆಹಣ್ಣು ತಿಂದು ಬಾಯಿ ತುರಿಸಿದ್ದು ಇದೆಯೇ ನೆನಪು ಮಾಡಿಕೊಳ್ಳಿ. ಈ ಹಣ್ಣುಗಳಿಗೂ ಲೇಟೆಕ್ಸಿಗೂ ನಂಟಿದೆ. ಅಂಥದ್ದೇನಾದರೂ ಇದ್ದರೆ ಮನೆಯಲ್ಲಿ ಹಚ್ಚಿ ಪರೀಕ್ಷೆ ಮಾಡಲು ಹೋಗದೆ ವೈದ್ಯರನ್ನು ಕೇಳಿ. ತೊಂದರೆ ಇಲ್ಲದಿದ್ದರೂ ಮುಖವಾಡವನ್ನು ಬೆಚ್ಚಗಿನ ನೀರಿನಲ್ಲಿ ನಾಲ್ಕಾರು ಸಲ ನೆನೆಸಿ ತೊಳೆದು ಕೊಡಿ. ಉಳಿದ ಅಮೋನಿಯ, ಅಲರ್ಜಿ ತರುವ ಪ್ರೋಟೀನು ಬಹಳಷ್ಟು ಹೋಗುತ್ತದೆ, ಪೂರ್ತಿ ಅಲ್ಲ.

ಇಷ್ಟೆಲ್ಲ ಕೇಳಿ ಭಯವಾದರೆ ಇನ್ನೊಂದು ದಾರಿ ಇದೆ, ನನಗದು ಇಷ್ಟವೂ ಹೌದು. ಅದೇ ಪಿಒಪಿ ಅಚ್ಚಿನೊಳಗೆ ಲೇಟೆಕ್ಸಿನ ಬದಲು ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಆರೇಳು ಪದರ ಹಾಸಿ. ಅಚ್ಚಿಗೆ ತಾಗುವ ಮೊದಲ ಪದರ ಮಾತ್ರ ಅಂಟಿಲ್ಲದೆ ಬರೀ ನೀರಿನಲ್ಲಿ ಅದ್ದಿದ ಕಾಗದವಾಗಿರಲಿ, ಅಚ್ಚಿಗೆ ಅಂಟುವುದಿಲ್ಲ. ಹಗುರ, ಅಲರ್ಜಿಯಿಲ್ಲ, ಖರ್ಚಿಲ್ಲ. ಮುಖ ಅಲುಗಾಡುವುದಿಲ್ಲ, ಬೆವರಿಗೆ ಮೆತ್ತಗಾಗುತ್ತದೆ, ಒಳಗೆ ಒಂದು ಕೈ ಬಣ್ಣ ಬೇಕು. ಅಷ್ಟೇ ನಷ್ಟ. ನವರಾತ್ರಿಗೆ ನಾಲ್ಕು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಎರಡನೇ ಯೋಚನೆಯಿಲ್ಲದೆ ಇದನ್ನೇ ಮಾಡಿ. ಎಂಟು ವಾರವಿದ್ದರೆ ಹಸಿ ಶಾಡೂ, ಒಂದೇ ಭಾಗದ ಅಚ್ಚು, ಮೇಲ್ದುಟಿಯವರೆಗಿನ ಲೇಟೆಕ್ಸ್. ಮೊದಲ ಎರಕ ಕೆಡುತ್ತದೆ ಎಂದೇ ದಿನ ಲೆಕ್ಕ ಹಾಕಿ. ನನ್ನದು ಈಗಲೂ ಕೆಡುತ್ತದೆ.

ಆಟದ ದಿನ ಬಣ್ಣ ಹಚ್ಚುವವರಿಗೆ ಒಂದು ಮಾತು ಮೊದಲೇ ಹೇಳಿಡಿ. ಅಭ್ಯಾಸಬಲದಿಂದ ಅವರು ಹುಡುಗನ ಮುಖಕ್ಕೆಲ್ಲ ಕೊಬ್ಬರಿ ಎಣ್ಣೆ ಸವರಿಬಿಡುತ್ತಾರೆ. ಎಣ್ಣೆ ತಾಗಿದ ಲೇಟೆಕ್ಸ್ ಉಬ್ಬಿ ಸಡಿಲವಾಗುತ್ತದೆ. ಮುಖವಾಡ ಕೂರುವ ಹಣೆ, ಕೆನ್ನೆ, ಮೂಗು ಬಿಟ್ಟು ಕೆಳದವಡೆಗೆ ಮಾತ್ರ ಎಣ್ಣೆ ಸಾಕು ಎನ್ನಿ.